ಅಕ್ಕ-ತಂಗಿ ಕತೆ ಅಂದಿದ್ದೆ

ಹೆಣ್ಣನ್ನು ಪ್ರೀತಿಸುವ ಹೆಣ್ಣಿನ ಕತೆಗಳನ್ನು ಸಿನಿಮಾ ಮಾಡುವುದು ನನ್ನ ಕೆಲಸ. ನಿರ್ಮಾಪಕರು ಅಂತ ಯಾರೂ ಇಲ್ಲ. ಹೊಟ್ಟೆಪಾಡಿಗೆ ಮದುವೆ, ಗೃಹಪ್ರವೇಶ, ನಾಮಕರಣದ ವಿಡಿಯೊ ತೆಗೆಯುತ್ತೇನೆ. ಆಷಾಢವೋ ಧನುರ್ಮಾಸವೋ ಬಂದು ಮದುವೆಗಳು ನಿಂತಾಗ ನನ್ನ ಸಿನಿಮಾ ಶುರುವಾಗುತ್ತದೆ.

ಕ್ಯಾಮೆರಾ ಹಿಡಿಯಲು ಕಲಿತದ್ದು ದೊಡ್ಡಬಳ್ಳಾಪುರದ ಒಂದು ಸ್ಟುಡಿಯೊದಲ್ಲಿ. ಹುಡುಗಿ ಅಂತ ನನ್ನನ್ನು ಯಾವಾಗಲೂ ಹೆಂಗಸರ ಕಡೆಗೇ ಬಿಡುತ್ತಿದ್ದರು. ಮದುಮಗಳ ಕೋಣೆ, ಅರಿಶಿನ ಹಚ್ಚುವುದು, ಬಳೆ ತೊಡಿಸುವುದು. ಒಂದು ಮದುವೆಯಲ್ಲಿ ಮದುಮಗಳ ಜಡೆ ಹೆಣೆಯುತ್ತಿದ್ದ ಗೆಳತಿ ಅರ್ಧಕ್ಕೆ ಕೈ ನಿಲ್ಲಿಸಿ ಆ ಜಡೆಯನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟಳು. ಮದುಮಗಳು ಕನ್ನಡಿಯಲ್ಲಿ ಅವಳನ್ನು ನೋಡಿದಳು. ನನ್ನ ಕ್ಯಾಮೆರಾದಲ್ಲಿ ಅದೆಲ್ಲ ಬಂದಿತ್ತು. ಸ್ಟುಡಿಯೊ ಯಜಮಾನರು "ಇದೇನು ವೇಸ್ಟು, ತೆಗಿ" ಅಂದರು. ಮನೆಯವರಿಗೆ ಕೊಟ್ಟ ವಿಡಿಯೊದಿಂದ ತೆಗೆದೆ. ತಲೆಯಿಂದ ಹೋಗಲಿಲ್ಲ. ನಾನು ಸಿನಿಮಾ ಮಾಡಬೇಕು ಅಂದುಕೊಂಡದ್ದು ಅವತ್ತು.

ಮೊದಲನೆಯದನ್ನು ಮೊಬೈಲಿನಲ್ಲೇ ತೆಗೆದೆ. ಸೋಂಪುರದ ಫ್ಯಾಕ್ಟರಿಗೆ ದಿನಾ ಒಂದೇ ವ್ಯಾನಿನಲ್ಲಿ ಹೋಗುವ ಇಬ್ಬರು ಹುಡುಗಿಯರ ಎಂಟು ನಿಮಿಷದ ಕತೆ. ಒಬ್ಬಳಿಗೆ ನಿದ್ದೆ ಬಂದರೆ ಇನ್ನೊಬ್ಬಳು ಭುಜ ಕೊಡುತ್ತಾಳೆ, ಅಷ್ಟೆ. ಯೂಟ್ಯೂಬಿಗೆ ಹಾಕಿದೆ. ಕೆಳಗೆ ಬಂದ ಕಾಮೆಂಟುಗಳನ್ನು ಇಲ್ಲಿ ಬರೆಯಲಾರೆ. ಆದರೆ ಅವುಗಳ ನಡುವೆ ಒಬ್ಬಳು "ಇದು ನನ್ನ ಕತೆ, ಥ್ಯಾಂಕ್ಸ್ ಅಕ್ಕ" ಅಂತ ಬರೆದಿದ್ದಳು. ಆ ಒಂದು ಸಾಲಿನ ಮೇಲೆ ಮೂರು ವರ್ಷ ಬದುಕಿದೆ. ಅದಾದಮೇಲೆ ಇನ್ನೂ ನಾಲ್ಕು ಕಿರುಚಿತ್ರ ಮಾಡಿದೆ.

ನನ್ನ ಜೊತೆಗಾತಿ ಪರಿಚಯವಾದದ್ದು ಎರಡನೆಯ ಸಿನಿಮಾದಲ್ಲಿ. ಹೊಸಕೋಟೆಯವಳು. ಮನೆಯಲ್ಲಿ ದಖ್ಖನಿ ಮಾತು, ಅವಳಪ್ಪನಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ. ಬೆಂಗಳೂರಿನಲ್ಲಿ ಸೌಂಡ್ ರೆಕಾರ್ಡಿಂಗ್ ಕಲಿತು ಬಂದಿದ್ದಳು. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ನಿಂತರೆ ಮೂರನೇ ಮನೆಯ ಮಿಕ್ಸಿ ಶಬ್ದವೂ ಅವಳಿಗೆ ಕೇಳುತ್ತದೆ. ಈಗ ಏಳು ವರ್ಷದಿಂದ ನಾವು ದೇವನಹಳ್ಳಿಯಲ್ಲಿ ಒಂದು ಬಾಡಿಗೆ ಮನೆಯಲ್ಲಿ ಒಟ್ಟಿಗೆ ಇದ್ದೇವೆ. ಮನೆ ಓನರಿಗೆ ನಾವು ಒಂದೇ ಆಫೀಸಿನಲ್ಲಿ ಕೆಲಸ ಮಾಡುವ ಗೆಳತಿಯರು. ನನ್ನ ಅಮ್ಮನಿಗೂ ಆಗ ಅಷ್ಟೇ ಗೊತ್ತಿತ್ತು.

ಐದು ವರ್ಷದ ಹಿಂದೆ ಮೊದಲ ಬಾರಿಗೆ ದೊಡ್ಡ ಸಿನಿಮಾ ಒಂದಕ್ಕೆ ಕೈ ಹಾಕಿದೆ. ಪಟ್ಟಣದಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ತಾನು ಪ್ರೀತಿಸುವ ಹುಡುಗಿಯನ್ನು ಹಳ್ಳಿಗೆ, ತಾಯಿಯ ಮನೆಗೆ ಕರೆದುಕೊಂಡು ಬರುತ್ತಾಳೆ. ನಾಲ್ಕು ದಿನ ಇರುತ್ತಾರೆ. ತಾಯಿಗೆ ಅರ್ಥವಾಗುತ್ತದೆ. ಊರವರಿಗೂ ಅನುಮಾನ ಬರುತ್ತದೆ. ಇಬ್ಬರೂ ಹೊರಟು ನಿಂತಾಗ ತಾಯಿ ಕೊಟ್ಟಿಗೆಯಲ್ಲಿ ನಾಲ್ಕು ಮಾತು ಹೇಳಿ ಕಳಿಸುತ್ತಾಳೆ. ಕತೆ ಇಷ್ಟೇ. ಅದಕ್ಕೊಂದು ಹಳ್ಳಿ ಮನೆ ಬೇಕಿತ್ತು, ಹಸುಗಳಿರುವ ಮನೆ. ನನಗೆ ಗೊತ್ತಿದ್ದದ್ದು ಒಂದೇ. ಸೂಲಿಬೆಲೆಯ ಹತ್ತಿರದ ನಮ್ಮ ದೊಡ್ಡಮ್ಮನ ಮನೆ.

ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ. ದೊಡ್ಡಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಐದು ಸೀಮೆ ಹಸು ಕಟ್ಟಿಕೊಂಡು ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುತ್ತಾಳೆ. ಮಗ ಏರ್‌ಪೋರ್ಟಿನ ಕಾರ್ಗೋದಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ, ಸೊಸೆ ಮನೆಯಲ್ಲಿ. ನಾನು ಚಿಕ್ಕವಳಿದ್ದಾಗ ಬೇಸಿಗೆ ರಜವೆಲ್ಲ ಅಲ್ಲೇ ಕಳೆಯುತ್ತಿದ್ದೆ. ನನಗೆ ಹಾಲು ಕರೆಯಲು ಕಲಿಸಿದವಳು, ಮೊದಲ ಸಲ ಮುಟ್ಟಾದಾಗ ಹೆದರಿದ ನನ್ನನ್ನು ಮಡಿಲಿಗೆ ಎಳೆದುಕೊಂಡವಳು ಅವಳೇ.

ನಡುವೆ ಆರು ವರ್ಷ ಆ ಮನೆಗೆ ಹೋಗಲು ಆಗಿರಲಿಲ್ಲ. ಅಜ್ಜಿ ಹಾಸಿಗೆ ಹಿಡಿದಾಗ ಯಾರ ಮನೆಯಲ್ಲಿ ಇರಬೇಕು ಅನ್ನುವುದಕ್ಕೆ ಅಮ್ಮನಿಗೂ ದೊಡ್ಡಮ್ಮನಿಗೂ ಜಗಳವಾಗಿತ್ತು. ಇಬ್ಬರೂ ನಾನೇ ನೋಡಿಕೊಳ್ಳುತ್ತೇನೆ ಅಂದದ್ದಕ್ಕೆ ಆದ ಜಗಳ ಅದು. ನೆಂಟರು ಅತ್ತಿಂದಿತ್ತ ಮಾತು ಸಾಗಿಸಿ ಅದನ್ನು ಬೆಳೆಸಿದರು. ಅಜ್ಜಿ ನಮ್ಮ ಮನೆಯಲ್ಲಿ ತೀರಿಕೊಂಡಾಗ ದೊಡ್ಡಮ್ಮ ಬಂದು ಮಣ್ಣು ಹಾಕಿ, ಅಮ್ಮನ ಮುಖ ನೋಡದೆ ಹೋದಳು. ಆಮೇಲೆ ಅವಳ ಮಗನ ಮದುವೆಯ ನೆಪದಲ್ಲಿ ಹೇಗೋ ಮಾತು ಶುರುವಾಯಿತು. ಆದರೆ ಮೊದಲಿನ ಹಾಗಲ್ಲ. ಇಬ್ಬರೂ ಜೋಪಾನವಾಗಿ ಮಾತಾಡುತ್ತಿದ್ದರು.

ಶೂಟಿಂಗ್ ವಿಷಯ ಕೇಳಲು ಹೋದಾಗ ದೊಡ್ಡಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ನಮ್ಮನೇಲಾ? ಸಿನಿಮಾನಾ?" ಅಂತ ಕೈಯಲ್ಲಿದ್ದ ಕಾಯನ್ನೆಲ್ಲ ಮೊರಕ್ಕೆ ಸುರಿದು ಎದ್ದು ನಿಂತಳು. "ಏನು ಕತೆನೇ ಅದು?"

"ಅಕ್ಕ-ತಂಗಿ ಕತೆ ದೊಡ್ಡಮ್ಮ" ಅಂದೆ.

ಮೊದಲೇ ಯೋಚಿಸಿಕೊಂಡು ಹೋದ ಉತ್ತರವಲ್ಲ ಅದು. ದಾರಿಯಲ್ಲಿ ಬಸ್ಸಿನಲ್ಲಿ ಏನೇನೋ ಜೋಡಿಸಿಕೊಂಡಿದ್ದೆ. ಅವಳ ಖುಷಿ ನೋಡಿದೊಡನೆ ಅವೆಲ್ಲ ಬಿದ್ದುಹೋಗಿ ಈ ಸುಳ್ಳು ಬಾಯಿಗೆ ಬಂತು. ಅದು ಎಷ್ಟು ಸಲೀಸಾಗಿ ಬಂತು ಅನ್ನುವುದು ನನಗೆ ಈಗಲೂ ನಾಚಿಕೆಯ ವಿಷಯ.

"ಅಕ್ಕ-ತಂಗಿ ಕತೆನಾ" ಅಂತ ಅವಳು ಇನ್ನೊಮ್ಮೆ ಹೇಳಿಕೊಂಡಳು. "ತಗೊ, ಮನೆ ನಿಂದೇ."

ಶೂಟಿಂಗ್ ನಾಲ್ಕು ದಿನ. ನಾನು, ನನ್ನ ಜೊತೆಗಾತಿ, ನಟಿಸುವ ಇಬ್ಬರು ಹುಡುಗಿಯರು, ಲೈಟು ಹಿಡಿಯಲು ಒಬ್ಬ ಗೆಳೆಯ. ದೊಡ್ಡಮ್ಮ ಎಲ್ಲರಿಗೂ ಮುದ್ದೆ ತಟ್ಟಿದಳು, ಹಿತಕಿದ ಬೇಳೆ ಸಾರು ಮಾಡಿದಳು. ಮೈಕಿನ ಕೋಲು ಹಿಡಿದು ನಿಲ್ಲುವ ನನ್ನ ಜೊತೆಗಾತಿಯನ್ನು "ಮೈಕ್ ಹುಡುಗಿ" ಅಂತ ಕರೆದಳು. ಸೂಲಿಬೆಲೆ ಸಂತೆಯಲ್ಲಿ ಕಲಿತ ನಾಲ್ಕು ಉರ್ದು ಮಾತನ್ನು ಅವಳ ಮೇಲೆ ಪ್ರಯೋಗಿಸಿ, ತಪ್ಪಿದಾಗ ತಾನೇ ನಕ್ಕಳು. ಆ ಇಬ್ಬರು ನಟಿಯರಿಗೆ ನಾನು ಕೊಟ್ಟಿದ್ದ ಸೂಚನೆ ಏನೆಂದರೆ, ದೊಡ್ಡಮ್ಮ ಹತ್ತಿರದಲ್ಲಿದ್ದಾಗ ಒಬ್ಬರ ಕೈ ಒಬ್ಬರು ಹಿಡಿಯಬೇಡಿ. ಅಂಥ ದೃಶ್ಯಗಳನ್ನೆಲ್ಲ ಅವಳು ಡೈರಿಗೆ ಹೋದ ಹೊತ್ತಿನಲ್ಲಿ ತೆಗೆದೆ. ಸಿನಿಮಾದೊಳಗಿನ ಹುಡುಗಿಯರು ಯಾರಿಗೂ ಹೆದರದೆ ಇರಬೇಕೆಂದು ಬರೆದವಳು ನಾನು. ಅದನ್ನು ತೆಗೆದದ್ದು ಹಾಲಿನ ಕ್ಯಾನು ಹೊತ್ತ ಅವಳು ರಸ್ತೆಯ ತಿರುವಿನಲ್ಲಿ ಮರೆಯಾದಳಾ ಅಂತ ನೋಡಿಕೊಂಡು.

ತಾಯಿಯ ಪಾತ್ರಕ್ಕೆ ಬೆಂಗಳೂರಿನಿಂದ ನಾಟಕದ ನಟಿಯೊಬ್ಬರು ಬರಬೇಕಿತ್ತು. ಮೂರನೇ ದಿನ ಬೆಳಿಗ್ಗೆ ಜ್ವರ ಅಂತ ಫೋನ್ ಮಾಡಿದರು. ಬೇರೆ ಯಾರನ್ನಾದರೂ ಹುಡುಕಲು ಹೊತ್ತಿರಲಿಲ್ಲ. ಸೊಸೆ ತಮಾಷೆಗೆ "ಅತ್ತೆನೇ ಮಾಡ್ಲಿ ಬಿಡಿ, ಅವರು ದಿನಾ ನಾಟಕ ಆಡ್ತಾರೆ" ಅಂದಳು. ದೊಡ್ಡಮ್ಮ ಅವಳ ಬೆನ್ನಿಗೆ ಒಂದು ಕೊಟ್ಟು ಸೀರೆ ಬದಲಿಸಿಕೊಂಡು ಬಂದಳು. ನಾನು ಮತ್ತೆ ಹಳೆಯ ಸೀರೆಯನ್ನೇ ಉಡಿಸಿದೆ.

ಸಂಜೆ ನಾಲ್ಕರ ಹೊತ್ತು. ಕೊಟ್ಟಿಗೆಯಲ್ಲಿ ಬೆಳಕು ಚೆನ್ನಾಗಿತ್ತು. ನಾನು ಬರೆದಿದ್ದ ನಾಲ್ಕು ಸಾಲು ಅವಳ ಬಾಯಲ್ಲಿ ಮರದ ತುಂಡಿನ ಹಾಗೆ ಬಂತು. ಕಾಗದ ಮಡಚಿಟ್ಟು ಹೇಳಿದೆ, "ದೊಡ್ಡಮ್ಮ, ಇವರಿಬ್ಬರೂ ಅಕ್ಕ-ತಂಗೀರು. ಊರವರು ಏನೇನೋ ಅಂದು ಇವರನ್ನ ಬೇರೆ ಮಾಡೋಕೆ ನೋಡ್ತಾವ್ರೆ. ನೀನು ತಾಯಿ. ಈಗ ಇಬ್ಬರೂ ಊರು ಬಿಟ್ಟು ಹೊರಟವ್ರೆ. ಏನು ಹೇಳ್ಬೇಕು ಅನ್ಸುತ್ತೋ ಅದನ್ನೇ ಹೇಳು."

"ಡೈಲಾಗ್ ಬೇಡ್ವಾ?"

"ಬೇಡ."

ಅವಳು ಸ್ವಲ್ಪ ಹೊತ್ತು ಕರುವಿನ ಬೆನ್ನು ಸವರುತ್ತಾ ನಿಂತಳು. ಆಮೇಲೆ ಹುಡುಗಿಯರ ಕಡೆ ತಿರುಗಿದಳು.

"ಬಿಡ್ಬೇಡ್ರಮ್ಮ ಒಬ್ರನ್ನೊಬ್ರು" ಅಂದಳು. "ಜನ ಅಂತಾರೆ. ಅಂದೋರು ನಾಳೆ ಮರೀತಾರೆ, ಅವ್ರಿಗೇನು. ಅವರ ಮಾತು ಕೇಳ್ಕೊಂಡು ನೀವು ಮುಖ ತಿರುಗಿಸ್ಕೊಂಡು ಹೋದ್ರೆ, ಆಮೇಲೆ ಒಂದಿನ ಮನೇಲಿ ಏನಾದ್ರೂ ರುಚಿಯಾಗಿ ಮಾಡಿರ್ತೀರ. ತಟ್ಟೆ ಮುಂದೆ ಕೂತಾಗ ಅವಳಿದ್ದಿದ್ರೆ ಅನ್ಸುತ್ತೆ. ಗಂಟ್ಲಲ್ಲಿ ಇಳಿಯಲ್ಲ ಕಣ್ರಮ್ಮ. ನಾನು ನೋಡಿದ್ದೀನಿ. ಜಗಳ ಆಡಿ, ಬೇಕಾದ್ರೆ ಹೊಡ್ದಾಡಿ. ಆದ್ರೆ ಒಂದೇ ಮನೇಲಿ ಇದ್ಕೊಂಡು ಆಡಿ. ಹೋಗಿ. ಇಬ್ರೂ ಹೋಗಿ. ಚೆನ್ನಾಗಿರಿ."

ಹುಡುಗಿಯರಲ್ಲಿ ಒಬ್ಬಳು ನಿಜವಾಗಿಯೇ ಅತ್ತಳು. ನಾನು ಕಟ್ ಹೇಳುವುದನ್ನು ಮರೆತೆ. ಕರು ದೊಡ್ಡಮ್ಮನ ಸೆರಗು ಜಗಿಯತೊಡಗಿದ ಮೇಲೆ ಅವಳೇ "ಥೂ" ಅಂತ ಎಳೆದುಕೊಂಡು ಕಣ್ಣೊರೆಸಿಕೊಂಡಳು. "ಜಾಸ್ತಿ ಆಯ್ತೇನೇ?" ಅಂದಳು.

"ಇಲ್ಲ ದೊಡ್ಡಮ್ಮ. ಸರಿಯಾಗಿದೆ."

ಅವಳು ಯಾರನ್ನು ನೆನೆದು ಆ ಮಾತಾಡಿದಳು ಅಂತ ನನಗೆ ಅಲ್ಲೇ ಗೊತ್ತಾಯಿತು. ಆರು ವರ್ಷ ಅವಳ ತಟ್ಟೆಯ ಮುಂದೆ ಇಲ್ಲದೆ ಹೋದವಳು ನನ್ನ ಅಮ್ಮ. ಗೊತ್ತಾಗಿಯೂ ನನಗೆ ಬಂದ ಮೊದಲ ಯೋಚನೆ, ಫೋಕಸ್ ಸರಿಯಾಗಿತ್ತಾ ಅನ್ನುವುದು.

ಕೇಬಲ್ ಸುತ್ತುವಾಗ ಜೊತೆಗಾತಿ ನನ್ನ ಪಕ್ಕ ಬಂದು ನಿಂತಳು. ಅವಳ ಕಣ್ಣೂ ಕೆಂಪಾಗಿತ್ತು.

"ಅವರಿಗೆ ಕತೆ ಹೇಳ್ಬಿಡು" ಅಂದಳು. "ಇವತ್ತೇ ಹೇಳು."

"ಎಡಿಟ್ ಆಗ್ಲಿ, ತೋರಿಸೇ ಹೇಳ್ತೀನಿ."

"ನಕ್ಕೊ" ಅಂದಳು, ಬೇಡ ಅನ್ನುವುದಕ್ಕೆ ಅವಳ ಮನೆಮಾತು. "ಹಂಗ್ ಮಾಡ್ಬೇಡ. ಆಮೇಲೆ ಹೇಳೋದು ಹೇಳಿದಂಗಲ್ಲ."

"ಈಗ ಹೇಳಿದ್ರೆ ನಾಳೆ ಶೂಟಿಂಗ್ ಇರಲ್ಲ" ಅಂದೆ. ಅದು ನಿಜವಾಗಿತ್ತು. ಅವಳು ಉಳಿದ ಕೇಬಲ್ ಎತ್ತಿಕೊಂಡು ಸುತ್ತತೊಡಗಿದಳು. ಎಡಿಟ್ ಮುಗಿದಾಗ, ಮೊದಲು ಎಲ್ಲಾದರೂ ತೋರಿಸೋಣ, ಹೆಸರು ಬಂದರೆ ದೊಡ್ಡಮ್ಮನಿಗೂ ಒಪ್ಪಿಗೆಯಾಗುತ್ತದೆ ಅಂದೆ. ಹೀಗೆ ಒಂದು ವರ್ಷ ತಳ್ಳಿದೆ.

ಸಿನಿಮಾ ಬೆಂಗಳೂರಿನ ಒಂದು ಚಿಕ್ಕ ಸಭಾಂಗಣದಲ್ಲಿ ಮೊದಲ ಪ್ರದರ್ಶನ ಕಂಡಿತು. ಕೊಟ್ಟಿಗೆಯ ದೃಶ್ಯ ಬಂದಾಗ ಕತ್ತಲಲ್ಲಿ ಮೂಗು ಸೇದುವ ಸದ್ದು ಕೇಳಿಸಿತು. ಮುಗಿದ ಮೇಲೆ ಬಂದವರೆಲ್ಲ ಆ ತಾಯಿಯ ವಿಷಯವನ್ನೇ ಕೇಳಿದರು. ಕನ್ನಡಕ ಹಾಕಿದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು.

"ಅವರು ನಟಿ ಅಲ್ಲ ಅಂದ್ರಿ. ಅಂಥ ಹಳ್ಳಿಯವರನ್ನ ಈ ಕತೆಗೆ ಹೇಗೆ ಒಪ್ಪಿಸಿದ್ರಿ? ನನ್ನಮ್ಮನ ಮುಂದೆ ನಾನು ಬಾಯೇ ಬಿಡೋಕಾಗಲ್ಲ."

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಸಿಕ್ಕಿರಲಿಲ್ಲ. ಮೈಕ್ ಹಿಡಿದು ನಾನು ಹೇಳಿದ್ದು ಇದು: "ಕತೆ ಪೂರ್ತಿ ಕೂತ್ಕೊಂಡು ಹೇಳಿದೆ. ಅವರು ಕೇಳಿಸ್ಕೊಂಡ್ರು, ಒಪ್ಕೊಂಡ್ರು. ಹಳ್ಳಿಯವರಿಗೆ ಅರ್ಥ ಆಗಲ್ಲ ಅಂತ ನಾವೇ ಅಂದ್ಕೊಂಡಿರ್ತೀವಿ."

ಚಪ್ಪಾಳೆ ಬಿತ್ತು. ಆ ಹುಡುಗಿ ಚಪ್ಪಾಳೆ ತಟ್ಟಲಿಲ್ಲ, ನನ್ನನ್ನೇ ನೋಡುತ್ತಾ ಕೂತುಕೊಂಡಳು. ಮನೆಗೆ ಹೋಗಿ ಅವಳು ತನ್ನ ಅಮ್ಮನಿಗೆ ಹೇಳಿರಬಹುದೇ, ನನ್ನ ಮಾತು ನಂಬಿ? ಹೇಳಿದ್ದರೆ ಏನಾಗಿರಬಹುದು? ಇದು ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ಕೊನೆಯ ಸಾಲಿನಲ್ಲಿ ಕೂತಿದ್ದ ನನ್ನ ಜೊತೆಗಾತಿ ಎದ್ದು ಹೊರಗೆ ಹೋದದ್ದು ವೇದಿಕೆಯಿಂದಲೇ ಕಂಡಿತು. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಬಸ್ಸಿನ ಕಿಟಕಿಯ ಕಡೆಗೇ ತಿರುಗಿ ಕೂತಳು. ನಾನು "ಏನಾಯ್ತು?" ಅಂತ ಕೇಳುವ ಧೈರ್ಯವನ್ನೂ ಮಾಡಲಿಲ್ಲ.

ಆಮೇಲೆ ಬೇರೆ ಊರುಗಳಿಂದ ಕರೆ ಬಂತು. ದೊಡ್ಡದೊಂದು ಚಿತ್ರೋತ್ಸವಕ್ಕೆ ಆಯ್ಕೆಯಾಯಿತು. ಇನ್ನಷ್ಟು ಜನ ನೋಡಲಿ ಅಂತ ಕೊಟ್ಟಿಗೆಯ ಮೂರು ನಿಮಿಷವನ್ನು ಕತ್ತರಿಸಿ ನನ್ನ ಚಾನೆಲ್ಲಿಗೆ ಹಾಕಿದೆ. ಮೇಲೆ "ಮಗಳ ಪ್ರೀತಿಯನ್ನು ಒಪ್ಪಿಕೊಂಡ ಹಳ್ಳಿ ತಾಯಿ" ಅಂತ ನಾನೇ ಬರೆದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಎರಡೇ ದಿನದಲ್ಲಿ ಅದು ಎಲ್ಲೆಲ್ಲೋ ಹೋಯಿತು. ಜನ ಅದನ್ನು ತುಂಡು ಮಾಡಿಕೊಂಡು, ಹಾಡು ಸೇರಿಸಿಕೊಂಡು ಹಂಚಿದರು. ನಾನು ಲೆಕ್ಕ ನೋಡಿಕೊಂಡು ಖುಷಿಪಡುತ್ತಿದ್ದೆ. ಸೂಲಿಬೆಲೆಯಲ್ಲೂ ಎಲ್ಲರ ಕೈಯಲ್ಲೂ ಮೊಬೈಲಿದೆ ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಕಾಣಲಿಕ್ಕಿಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದೆ.

ಡೈರಿಯ ಸಾಲಿನಲ್ಲಿ ಒಬ್ಬಾಕೆ ದೊಡ್ಡಮ್ಮನನ್ನು ಕೇಳಿದಳಂತೆ, "ಏನಕ್ಕಾ, ಹುಡ್ಗೀರಿಗೆ ಹುಡ್ಗೀರನ್ನೇ ಗಂಟು ಹಾಕ್ಸಿ ಕಳಿಸ್ತಿದ್ದೀಯಂತೆ?" ಸುತ್ತ ನಿಂತವರು ನಕ್ಕರಂತೆ. ಏನೆಂದು ತಿಳಿಯದೆ ದೊಡ್ಡಮ್ಮನೂ ನಕ್ಕುಬಿಟ್ಟಳಂತೆ. ಮನೆಗೆ ಬಂದು ಸೊಸೆಯನ್ನು ಕೇಳಿದಳು. ಸೊಸೆ ತೋರಿಸಿದಳು, ಕೆಳಗಿನ ಕಾಮೆಂಟುಗಳನ್ನೂ ಓದಿ ಹೇಳಿದಳು. ಇದೆಲ್ಲ ನನಗೆ ಆಮೇಲೆ ಸೊಸೆಯಿಂದಲೇ ಗೊತ್ತಾಯಿತು. ಏನೆಂದು ತಿಳಿಯದೆ ತಾನೂ ನಕ್ಕಳು ಅನ್ನುವ ಭಾಗ ನೆನಪಾದಾಗಲೆಲ್ಲ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಮಾರನೇ ದಿನ ದೊಡ್ಡಮ್ಮನ ಫೋನ್ ಬಂತು.

"ಒಂದ್ಸಲ ಮನೆ ಕಡೆ ಬರ್ತೀರಾ?" ಅಂದಳು.

ಬೇರೆ ಯಾರಿಗೋ ಮಾಡಬೇಕಾದ ಫೋನ್ ನನಗೆ ಮಾಡಿದ್ದಾಳೆ ಅಂದುಕೊಂಡೆ. "ದೊಡ್ಡಮ್ಮ, ನಾನು" ಅಂದೆ.

"ಗೊತ್ತು. ಬನ್ನಿ."

ನಾವಿಬ್ಬರೂ ಹೋದೆವು. ನಾನು ಯಾವಾಗಲೂ ಹೊಸ್ತಿಲ ಮೇಲೋ ಅಡುಗೆಮನೆಯ ನೆಲದ ಮೇಲೋ ಕೂರುವವಳು. ದೊಡ್ಡಮ್ಮ ನನಗೊಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದಳು. "ಕೂತ್ಕೊಳ್ಳಿ" ಅಂದಳು. ಹಾಲಿನ ಲೆಕ್ಕ ಬರೆಯಲು ಬರುವ ಸಾಹೇಬರಿಗೆ ಹಾಕುವ ಕುರ್ಚಿ ಅದು.

"ಆ ಹುಡ್ಗೀರು ಅಕ್ಕ-ತಂಗೀರಲ್ವಂತೆ."

"ಅಲ್ಲ ದೊಡ್ಡಮ್ಮ."

"ಅವತ್ತೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ನಂಗೆ ಹೇಳ್ಲಿಲ್ಲ."

"ಹೇಳಿದ್ರೆ ನೀನು ಒಪ್ತಿರ್ಲಿಲ್ಲ ಅಂತ…"

"ಒಪ್ತಿರ್ಲಿಲ್ಲ" ಅಂದಳು ತಕ್ಷಣ. "ನಿಜ. ಆದ್ರೆ ಆಗಲ್ಲ ಅನ್ನೋದು ನನ್ನ ಬಾಯಿಂದ ಬರ್ಬೇಕಿತ್ತು. ನನ್ನ ಬದ್ಲು ಅದನ್ನೂ ನೀವೇ ಅಂದ್ಕೊಂಡ್ಬಿಟ್ರಿ."

ನಾನು ತಲೆ ತಗ್ಗಿಸಿದೆ. ಅವಳ ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅದು ನಿಮ್ಮಮ್ಮನ್ನ ನೆನಸ್ಕೊಂಡು ಆಡಿದ ಮಾತು. ಅವಳ ಹತ್ರಾನೇ ನಾನು ಅದನ್ನ ಹೇಳಿಲ್ಲ, ನಾಚಿಕೆ ಅಂತ. ಅವತ್ತು ಏನೋ ಬಂತು, ಆಡಿದೆ. ಯಾರ್ಯಾರೋ ಅದಕ್ಕೆ ಹಾಡು ಹಾಕ್ಕೊಂಡವ್ರೆ."

ಆಮೇಲೆ ಅವಳು ನನ್ನ ಜೊತೆಗಾತಿಯ ಕಡೆ ತಿರುಗಿದಳು. ಇವಳು ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು.

"ನಿಂಗೂ ಗೊತ್ತಿತ್ತೇನಮ್ಮ?"

"ಗೊತ್ತಿತ್ತು. ಹೇಳು ಅಂತ ಇವಳಿಗೆ ಅಂದಿದ್ದೆ. ನಾನೇ ಬಂದು ಹೇಳ್ಬಹುದಿತ್ತು. ಹೇಳ್ಲಿಲ್ಲ. ತಪ್ಪಾಯ್ತು."

ನನಗೆ ಬಾಯಿಗೆ ಬಾರದ ಆ ಒಂದು ಮಾತನ್ನು ಇವಳು ಎಷ್ಟು ನೇರವಾಗಿ ಹೇಳಿದಳು! ದೊಡ್ಡಮ್ಮ ಅವಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು. ಮತ್ತೆ ಅವಳನ್ನು.

"ನೀವಿಬ್ರೂ?" ಅಂದಳು.

ನಾನು ಬಾಗಿಲ ಹೊರಗೆ ನೋಡಿದೆ. "ಹೌದಮ್ಮ" ಅಂತ ಉತ್ತರ ಕೊಟ್ಟದ್ದು ಜೊತೆಗಾತಿಯೇ.

ಸೊಸೆ ಕಾಫಿ ತಂದಳು. ಯಾರೂ ಮುಟ್ಟಲಿಲ್ಲ. ಕೊನೆಗೆ ದೊಡ್ಡಮ್ಮ, "ನಿಮ್ಮ ವಿಷಯ ನನಗೆ ಅರ್ಥ ಆಗಲ್ಲ, ಅದು ಬೇರೆ. ನನ್ನ ಮಾತು ಸಿನಿಮಾದಿಂದ ತೆಗೆದುಹಾಕಿ" ಅಂದಳು.

ಆಗಲಿ ಅನ್ನಬೇಕಿತ್ತು. ಚಾನೆಲ್ಲಿನಿಂದ ಆ ತುಣುಕನ್ನು ಅವಳ ಮುಂದೆಯೇ ಅಳಿಸಿದೆ. ಆದರೆ ಸಿನಿಮಾದಿಂದ? ಆ ದೊಡ್ಡ ಚಿತ್ರೋತ್ಸವಕ್ಕೆ ಮೂರೇ ವಾರ ಇತ್ತು. ಆ ದೃಶ್ಯ ಹೋದರೆ ಸಿನಿಮಾದಲ್ಲಿ ಏನಿದೆ? "ಅದು ಈಗ ಉತ್ಸವ ನಡೆಸೋರ ಕೈಲಿದೆ ದೊಡ್ಡಮ್ಮ, ನಾನೇನೂ ಮಾಡೋಕಾಗಲ್ಲ. ಮುಂದಿನ ತಿಂಗಳು ತೆಗೀತೀನಿ" ಅಂದೆ. ಇದೂ ಸುಳ್ಳೇ. ಒಂದು ಮೇಲ್ ಹಾಕಿ ಬೇರೆ ಪ್ರತಿ ಕಳಿಸಿದ್ದರೆ ಸಾಕಿತ್ತು. ಜೊತೆಗಾತಿ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಿತ್ತು.

ಆ ಚಿತ್ರೋತ್ಸವದಲ್ಲೂ ಸಿನಿಮಾವನ್ನು ಹಾಗೇ ತೋರಿಸಿದೆ. ಅಲ್ಲೂ ಜನ ಅತ್ತರು. ನಾನು ಹಿಂದಿನ ಸಾಲಿನಲ್ಲಿ ಕೂತು ದೊಡ್ಡಮ್ಮನ ಮುಖ ಅಷ್ಟು ದೊಡ್ಡದಾಗಿ ಪರದೆಯ ಮೇಲೆ ಬರುವುದನ್ನು ನೋಡಿದೆ. ಬಹುಮಾನವೂ ಬಂತು. ಜೊತೆಗಾತಿಗೆ ಫೋನ್ ಮಾಡಿದರೆ ತೆಗೆಯಲಿಲ್ಲ. ದೇವನಹಳ್ಳಿಯ ಮನೆಗೆ ಬಂದಾಗ ಅವಳ ಮೈಕುಗಳು, ಬಟ್ಟೆ, ಏನೂ ಇರಲಿಲ್ಲ. ನೆಲಮಂಗಲದ ಗೆಳತಿಯೊಬ್ಬಳ ಮನೆಗೆ ಹೋಗಿದ್ದಳು. ಹೋಗುವ ಮೊದಲು ಬಸ್ಸು ಹತ್ತಿ ಸೂಲಿಬೆಲೆಗೆ ಹೋಗಿ, "ತೆಗೀಬಹುದಿತ್ತು ಅಮ್ಮ. ಅವಳು ತೆಗೀಲಿಲ್ಲ" ಅಂತ ದೊಡ್ಡಮ್ಮನಿಗೆ ಹೇಳಿಬಂದಿದ್ದಳು.

ಆ ವಾರವೇ ಕೊಟ್ಟಿಗೆಯ ದೃಶ್ಯವನ್ನು ಸಿನಿಮಾದಿಂದ ತೆಗೆದುಹಾಕಿದೆ. ಬಹುಮಾನ ಕೊಟ್ಟವರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅವರು ತಮ್ಮ ಪಟ್ಟಿಯಿಂದ ಸಿನಿಮಾದ ಹೆಸರು ತೆಗೆದರು, ನ್ಯಾಯವಾಗಿಯೇ. ಇದನ್ನೆಲ್ಲ ಒಳ್ಳೆಯತನದಿಂದ ಮಾಡಿದೆ ಅನ್ನಲಾರೆ. ಸಿಕ್ಕಿಬಿದ್ದಿದ್ದೆ, ಆದ್ದರಿಂದ ಮಾಡಿದೆ. ಬೇರೆಯವರು ಹಂಚಿಕೊಂಡ ತುಂಡುಗಳು ಮಾತ್ರ ಈಗಲೂ ಓಡಾಡುತ್ತಿವೆ. ಕಂಡಕಂಡವರಿಗೆ ಅಳಿಸಿ ಅಂತ ಬರೆಯುತ್ತಿರುತ್ತೇನೆ. ಕೆಲವರು ಅಳಿಸುತ್ತಾರೆ.

ಆ ತುಂಡು ಅಮ್ಮನಿಗೂ ಯಾರೋ ನೆಂಟರು ಕಳಿಸಿದ್ದರು. ದೊಡ್ಡಬಳ್ಳಾಪುರದ ಮನೆಗೆ ಹೋದಾಗ ಅಮ್ಮ ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದಳು. ಹುಡುಗಿಯರ ವಿಷಯ ಕೇಳುತ್ತಾಳೆ ಅಂತ ಬಾಗಿಲಲ್ಲೇ ನಿಂತೆ.

"ಅಕ್ಕ ಅಂದಿದ್ದು ನನ್ನ ನೆನಸ್ಕೊಂಡು ತಾನೇ?" ಅಂದಳು.

"ಹೂಂ."

"ನಂಗೆ ಬಂದಿರೋದ್ರಲ್ಲಿ ಹಾಡು ಜೋರಾಗಿದೆ, ಅವಳ ಮಾತು ಅರ್ಧ ಕೇಳಲ್ಲ. ಸರಿಯಾಗಿರೋದು ನಿನ್ನ ಹತ್ರ ಇದ್ರೆ ಕಳಿಸು."

ಇತ್ತು. ಜೊತೆಗಾತಿ ರೆಕಾರ್ಡ್ ಮಾಡಿದ್ದು, ಕರುವಿನ ಉಸಿರೂ ಕೇಳುವಷ್ಟು ಸ್ಪಷ್ಟವಾಗಿ. ಆದರೆ ಕೇಳದೆ ಇನ್ನೊಮ್ಮೆ ಕಳಿಸುವ ಹಾಗಿರಲಿಲ್ಲ. ದೊಡ್ಡಮ್ಮನಿಗೆ ಫೋನ್ ಮಾಡಿದೆ. ನಾನು ಅವಳನ್ನು ಮೊದಲೇ ಕೇಳಿ ಮಾಡಿದ ಮೊದಲ ಕೆಲಸ ಅದು. ಅಮ್ಮ ಕೇಳಿದ್ದನ್ನು ಹೇಳಿದೆ.

"ಅವಳಿಗೆ ಕಳಿಸಿ" ಅಂದಳು. "ಅವಳಿಗೆ ಮಾತ್ರ."

ಅಮ್ಮ ಅದನ್ನು ಬಚ್ಚಲಮನೆಯ ಹತ್ತಿರ ನಿಂತು ಎರಡು ಸಲ ನೋಡಿದಳು. ಮುಖ ತೊಳೆದುಕೊಂಡು ಬಂದು, "ನಾಳೆ ಸೂಲಿಬೆಲೆಗೆ ಹೋಗಿ ಬರ್ತೀನಿ" ಅಂದಳು. "ನಿನ್ನ ವಿಷಯ ಆಮೇಲೆ ಮಾತಾಡೋಣ." ಆ ಆಮೇಲೆ ಇನ್ನೂ ಬಂದಿಲ್ಲ. ನಾನಾಗಿಯೂ ಆ ಮಾತು ಎತ್ತಿಲ್ಲ. ಅಕ್ಕ-ತಂಗಿಯರು ಈಗ ದಿನಾ ಫೋನಿನಲ್ಲಿ ಸಾರಿನಿಂದ ಹಿಡಿದು ಸೊಸೆಯವರೆಗೆ ಎಲ್ಲ ಮಾತಾಡುತ್ತಾರೆ. ಅದರಲ್ಲಿ ನನ್ನದೇನೂ ಪುಣ್ಯವಿಲ್ಲ.

ಜೊತೆಗಾತಿ ನಾಲ್ಕು ತಿಂಗಳ ಮೇಲೆ ಬಂದಳು. ಎಷ್ಟು ಸಲ ನೆಲಮಂಗಲಕ್ಕೆ ಹೋಗಿ ಬಂದೆ, ಏನೇನು ಹೇಳಿದೆ ಅನ್ನುವುದು ನಮ್ಮಿಬ್ಬರ ನಡುವೆಯೇ ಇರಲಿ. ಅವಳು ಹಾಕಿದ ಷರತ್ತು ಒಂದೇ. ಯಾರ ಮನೆಯಲ್ಲಿ ಕ್ಯಾಮೆರಾ ಇಟ್ಟರೂ ಮೊದಲು ಇಡೀ ಕತೆ ಓದಿ ಹೇಳಬೇಕು, ನಾನೇ ಹೇಳಬೇಕು. ಕಳೆದ ವರ್ಷ ದೊಡ್ಡಬೆಳವಂಗಲದ ಒಂದು ತೋಟದ ಮನೆಯಲ್ಲಿ ಹಾಗೇ ಕೂತು ಓದಿದೆ. "ಹೆಂಗಸು ಹೆಂಗಸನ್ನ ಪ್ರೀತಿಸೋದು" ಅನ್ನುವಾಗ ನಾನು ಕಾಗದದಿಂದ ಕಣ್ಣೆತ್ತಲಿಲ್ಲ. ಆ ಮನೆಯಾಕೆ ಪೂರ್ತಿ ಕೇಳಿಸಿಕೊಂಡು, ಎಳನೀರು ಕೊಟ್ಟು, "ನಮ್ಮನೇಲಿ ಬೇಡಮ್ಮ, ಬೇಜಾರು ಮಾಡ್ಕೋಬೇಡಿ" ಅಂದರು. ಎಳನೀರು ಕುಡಿದು ಬಂದೆವು. ಆ ಸಿನಿಮಾವನ್ನು ಕೊನೆಗೆ ನಮ್ಮದೇ ಎರಡು ಕೋಣೆಯಲ್ಲಿ ತೆಗೆದೆವು. ನೋಡಿದವರು ಕಡಿಮೆ.

ದೊಡ್ಡಮ್ಮನ ಮನೆಗೆ ಈಗಲೂ ಹೋಗುತ್ತೇವೆ. ಮೈಕ್ ಹುಡುಗಿ ಬಂದರೆ ಅವಳಿಗೆ ಖುಷಿ. "ಬಂದ್ಯಾ? ಯಾಕೆ ಇಷ್ಟು ಇಳ್ದೋಗಿದ್ದೀಯ, ಇವರು ಊಟ ಹಾಕಲ್ವಾ?" ಅನ್ನುತ್ತಾಳೆ. ನಮ್ಮ ವಿಷಯ ಅವಳಿಗೆ ಈಗಲೂ ಅರ್ಥವಾಗಿಲ್ಲ, ಒಪ್ಪಿಗೆಯೂ ಆಗಿಲ್ಲ. ಆದರೆ ಮೈಕ್ ಹುಡುಗಿಯನ್ನು ನೀನು ಅನ್ನುತ್ತಾಳೆ. ನನ್ನನ್ನು ನೀವು ಅನ್ನುತ್ತಾಳೆ.

ಹೋದ ತಿಂಗಳು ಕೊಟ್ಟಿಗೆಯಲ್ಲಿ ದೊಡ್ಡಮ್ಮ, ನಾನು ಇಬ್ಬರೇ ಇದ್ದಾಗ ಕೇಳಿಬಿಟ್ಟೆ. "ದೊಡ್ಡಮ್ಮ, ನನ್ನನ್ನ ನೀವು ಅನ್ಬೇಡ. ಇನ್ನೂ ಕೋಪನಾ?"

ಅವಳು ಹಸುವಿನ ಕೆಚ್ಚಲು ತೊಳೆಯುತ್ತಿದ್ದಳು. ಕೈ ನಿಲ್ಲಿಸಿ ಯೋಚಿಸಿದಳು, ನಿಜವಾಗಿಯೇ ಯೋಚಿಸಿದಳು.

"ಕೋಪ ಇಲ್ಲ" ಅಂದಳು. "ಮೊದಲಿನಂಗೇ ಅನ್ನೋಣ ಅಂತ ನಾನೂ ನೋಡಿದೆ. ಬಾಯಿಗೆ ಬರ್ತಾ ಇಲ್ಲ. ಏನ್ ಮಾಡ್ಲಿ ಹೇಳಿ."

ಅವಳು ಮತ್ತೆ ಹಸುವಿನ ಕಡೆ ಬಗ್ಗಿದಳು. ಸ್ವಲ್ಪ ಹೊತ್ತಾದ ಮೇಲೆ, "ಆ ಹುಲ್ಲಿನ ಹೊರೆ ಒಂಚೂರು ಈ ಕಡೆ ಎತ್ಕೊಡಿ" ಅಂದಳು. ಎತ್ತಿಕೊಟ್ಟೆ.